ಪಾರ್ಸಲ್ ಬಿಚ್ಚುವ ಕಟರ್: ಯಾವ ಕೆಲಸಕ್ಕೆ ಯಾವುದು, ಹಿಡಿಯುವುದು ಹೇಗೆ

ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿ, ಅಮರಗೋಳದ ಎಪಿಎಂಸಿ, ಗದಗಿನ ಪ್ರಿಂಟಿಂಗ್ ಪ್ರೆಸ್, ಎಲ್ಲಿಗೆ ಹೋದರೂ ಗಲ್ಲೆಯ ಮಗ್ಗುಲಲ್ಲಿ ಒಂದು ಕಟರ್ ಬಿದ್ದಿರುತ್ತದೆ. ಬಹುಪಾಲು ಅದು ಪ್ಲಾಸ್ಟಿಕ್ ಹಿಡಿಕೆಯ, ತುದಿ ಮುರಿಯುತ್ತ ಹೋಗುವ ಬ್ಲೇಡಿನ ಕಟರ್. ಬ್ಲೇಡು ಎರಡು ಬೆರಳಿನಷ್ಟು ಹೊರಗೇ ಇರುತ್ತದೆ. ದಿನಕ್ಕೆ ಐವತ್ತು ಪಾರ್ಸಲ್ ಬಿಚ್ಚುವವನಿಗೆ ಅದನ್ನು ಪ್ರತಿಸಲ ಒಳಗೆ ಸರಿಸುವ ಪುರುಸೊತ್ತು ಎಲ್ಲಿಂದ ಬರಬೇಕು?

ಕೈ ಕೊಯ್ದುಕೊಳ್ಳುವ ಗಳಿಗೆ ಯಾವುದೆಂದು ಗಮನಿಸಿ ನೋಡಿ. ಬ್ಲೇಡು ರಟ್ಟಿನೊಳಗೆ ಇರುವತನಕ ರಟ್ಟೇ ಅದನ್ನು ಹಿಡಿದಿರುತ್ತದೆ. ರಟ್ಟಿನ ಅಂಚು ಮುಗಿದು, ಕೈಯಲ್ಲಿನ ಒತ್ತಡ ಮಾತ್ರ ಹಾಗೇ ಉಳಿದಾಗ ಬ್ಲೇಡು ಧಡಕ್ಕನೆ ಮುಂದೆ ಹೋಗುತ್ತದೆ. ಮುಂದೆ ಇರುವುದು ಎಡಗೈ, ಇಲ್ಲವೇ ತೊಡೆ. ಇನ್ನೊಂದು ಗಳಿಗೆ, ಕೆಲಸ ಮುಗಿಸಿ ಮೇಜಿನ ಮೇಲೆ ತೆರೆದಿಟ್ಟ ಕಟರಿನ ಮೇಲೆ ನೋಡದೆ ಕೈ ಹಾಕಿದಾಗ. ಹಾಗಾಗಿ ಕಟರ್ ಕೊಳ್ಳುವಾಗ ಎಷ್ಟು ಹರಿತ ಎಂದು ಕೇಳುವುದಕ್ಕಿಂತ, ಕೊಯ್ಯುವುದು ಮುಗಿದ ಮೇಲೆ ಬ್ಲೇಡು ಎಷ್ಟು ಹೊತ್ತು ಹೊರಗಿರುತ್ತದೆ ಎಂದು ಕೇಳಬೇಕು. ಇಡೀ ಆಯ್ಕೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಹಳೇ ಬಗೆಯ ಕಟರುಗಳು

ಮುರಿಯುವ ಬ್ಲೇಡಿನ ಕಟರ್ ಹುಟ್ಟಿದ್ದು 1956ರಲ್ಲಿ, ಜಪಾನಿನ ಒಸಾಕಾದಲ್ಲಿ. ಮುದ್ರಣದ ಕೆಲಸದಲ್ಲಿದ್ದ ಯೋಶಿಯೋ ಒಕಾಡಾ, ಚಾಕೊಲೇಟ್ ಬಿಲ್ಲೆಯನ್ನು ಗೆರೆಗುಂಟ ಮುರಿಯುವ ಹಾಗೆ ಬ್ಲೇಡನ್ನೂ ಮುರಿಯುವಂತಾದರೆ ಮೊಂಡಾದ ತುದಿ ತೆಗೆದು ಹೊಸ ತುದಿ ಪಡೆಯಬಹುದೆಂದು ಯೋಚಿಸಿದರು. ಅವರ ಕಂಪನಿಯ ಓಲ್ಫಾ ಎಂಬ ಹೆಸರಿನ ಮೂಲದ ಜಪಾನಿ ಮಾತಿಗೂ ‘ಮುರಿಯುವ ಅಲಗು’ ಎಂದೇ ಅರ್ಥ. ಬ್ಲೇಡಿನ ಅಗಲ ಮೂರು ಅಳತೆಯಲ್ಲಿ ಸಾಮಾನ್ಯ: 9 ಮಿ.ಮೀ., 18 ಮಿ.ಮೀ., 25 ಮಿ.ಮೀ. 9ರ ಬ್ಲೇಡು ಸುಮಾರು 0.38 ಮಿ.ಮೀ. ದಪ್ಪ, 18ರದು ಸುಮಾರು ಅರ್ಧ ಮಿ.ಮೀ., 25ರದು ಸುಮಾರು 0.7 ಮಿ.ಮೀ. ಕಾಗದ, ಸ್ಟಿಕ್ಕರ್, ಲಗ್ನಪತ್ರಿಕೆಯ ಕೆಲಸಕ್ಕೆ 9 ಸಾಕು. ರಟ್ಟಿಗೆ 18 ಬೇಕು. 9ರ ಬ್ಲೇಡಿನಿಂದ ಐದು ಪದರಿನ ರಟ್ಟು ಕೊಯ್ಯಲು ಹೋದರೆ ಅದು ಬಳುಕುತ್ತದೆ, ಬಳುಕಿದ್ದು ಗೆರೆಯಲ್ಲಿ ಮುರಿಯುತ್ತದೆ. ಮುರಿಯಲೆಂದೇ ಹಾಕಿದ ಗೆರೆ ಅದು, ಬ್ಲೇಡಿನ ತಪ್ಪಲ್ಲ.

ಈ ಕಟರಿನಲ್ಲಿ ನಿಜವಾದ ದೋಷ ಇರುವುದು ಬೀಗದಲ್ಲಿ. ಅಗ್ಗದ ಕಟರಿನ ಸರಿಯುವ ಗುಂಡಿ ಹಿಡಿಕೆಯ ಹಲ್ಲುಗಳಿಗೆ ಸಿಕ್ಕಿ ನಿಲ್ಲುತ್ತದೆ. ಪ್ಲಾಸ್ಟಿಕ್ ಹಲ್ಲು ಕೆಲವು ತಿಂಗಳಲ್ಲಿ ಸವೆಯುತ್ತದೆ. ಆಮೇಲೆ ಒತ್ತಿದಾಗ ಬ್ಲೇಡು ಒಳಗೆ ಜಾರುತ್ತದೆ, ಬಗ್ಗಿಸಿದಾಗ ತಾನಾಗಿ ಹೊರಬರುತ್ತದೆ. ಕೊಳ್ಳುವಾಗ ಒಳಗೆ ಲೋಹದ ಪಟ್ಟಿ ಇದೆಯೇ, ತಿರುಗಿಸಿ ಬಿಗಿ ಮಾಡುವ ಬೀಗ ಅಥವಾ ತಾನಾಗಿ ಲಾಕ್ ಆಗುವ ಗುಂಡಿ ಇದೆಯೇ ನೋಡಿ. ಬ್ಲೇಡನ್ನು ಒಂದು ಗೆರೆಯಷ್ಟು ಹೊರತೆಗೆದು, ತುದಿಯನ್ನು ಕಟ್ಟಿಗೆಯ ಮೇಲೆ ಊರಿ ಮೆಲ್ಲಗೆ ಒತ್ತಿ. ಹಿಂದಕ್ಕೆ ಸರಿದರೆ ಆ ಕಟರ್ ಬೇಡ.

ಎರಡನೆಯದು ಫರ್ನಿಚರ್, ರೆಕ್ಸಿನ್, ಫ್ಲೆಕ್ಸ್ ಕೆಲಸದವರು ಬಳಸುವ ದಪ್ಪ ಲೋಹದ ಚಾಕು. ಇದರ ಬ್ಲೇಡು ಸುಮಾರು 6 ಸೆಂ.ಮೀ. ಉದ್ದ, 19 ಮಿ.ಮೀ. ಅಗಲ. ಎರಡೂ ತುದಿ ಚೂಪು. ಒಂದು ತುದಿ ಮೊಂಡಾದರೆ ತಿರುಗಿಸಿ ಹಾಕಬಹುದು. ಬಳುಕುವುದಿಲ್ಲ, ಹೊರಗೆ ಬರುವುದೂ ಕಡಿಮೆ. ಆದ್ದರಿಂದ ಬಲ ಹಾಕುವ ಕೆಲಸಕ್ಕೆ ಮುರಿಯುವ ಬ್ಲೇಡಿಗಿಂತ ಇದೇ ಲೇಸು. ಇದಕ್ಕೇ ಕೊಕ್ಕೆ ಆಕಾರದ ಬ್ಲೇಡೂ ಸಿಗುತ್ತದೆ. ರೆಕ್ಸಿನ್, ಜಮಖಾನೆ, ಗೋಣಿಚೀಲ ಸೀಳಲು ಕೊಕ್ಕೆಯಷ್ಟು ಸುರಕ್ಷಿತವಾದದ್ದು ಇಲ್ಲ, ಯಾಕೆಂದರೆ ಕೆಳಗಿರುವ ಮಾಲಿಗೆ ಅದರ ಚೂಪು ತಾಗುವುದೇ ಇಲ್ಲ.

ಸೇಫ್ಟಿ ಕಟರ್ ಎಂಬ ಒಂದೇ ಹೆಸರಿನಲ್ಲಿ ಮೂರು ಸಾಮಾನು

ಇಲ್ಲಿಯೇ ಗಿರಾಕಿಗಳು ಮೋಸ ಹೋಗುವುದು. ಅಂಗಡಿಯಲ್ಲಿಯೂ ಆನ್‌ಲೈನಿನಲ್ಲಿಯೂ ಎಲ್ಲದಕ್ಕೂ ಸೇಫ್ಟಿ ಕಟರ್ ಎಂದೇ ಬರೆದಿರುತ್ತದೆ, ಒಳಗಿನ ಕೆಲಸ ಮಾತ್ರ ಬೇರೆ ಬೇರೆ.

ಒಂದು, ಹೆಬ್ಬೆರಳು ಬಿಟ್ಟರೆ ಸ್ಪ್ರಿಂಗಿನಿಂದ ಬ್ಲೇಡು ಒಳಗೆ ಹೋಗುವಂಥದು. ಮೇಜಿನ ಮೇಲೆ ತೆರೆದಿಟ್ಟ ಕಟರಿನ ಅಪಾಯ ಇದರಲ್ಲಿ ಪೂರ್ತಿ ಹೋಗುತ್ತದೆ. ಆದರೆ ರಟ್ಟಿನ ಅಂಚು ದಾಟಿದಾಗ ಹೆಬ್ಬೆರಳು ಗುಂಡಿಯ ಮೇಲೇ ಇರುತ್ತದೆ, ಬ್ಲೇಡೂ ಹೊರಗೇ ಇರುತ್ತದೆ. ಅಂದರೆ ಅರ್ಧ ರಕ್ಷಣೆ.

ಎರಡು, ಬ್ಲೇಡು ರಟ್ಟಿನ ಸಂಪರ್ಕ ಕಳೆದುಕೊಂಡ ತಕ್ಷಣ, ಗುಂಡಿ ಒತ್ತಿ ಹಿಡಿದಿದ್ದರೂ ಒಳಗೆ ಹೋಗುವಂಥದು. ಬ್ಲೇಡು ರಟ್ಟಿಗೆ ಕಚ್ಚಿ ಎಳೆತ ಬಿದ್ದಾಗ ಗುಂಡಿಗೂ ಬ್ಲೇಡಿಗೂ ಇರುವ ಕೊಂಡಿ ಕಳಚುತ್ತದೆ. ಆಮೇಲೆ ಬ್ಲೇಡನ್ನು ಹೊರಗೆ ಹಿಡಿದಿರುವುದು ರಟ್ಟು ಮಾತ್ರ. ರಟ್ಟು ಮುಗಿಯಿತು, ಸ್ಪ್ರಿಂಗು ಎಳೆದುಕೊಂಡಿತು. ಮೇಲೆ ಹೇಳಿದ ಎರಡೂ ಗಳಿಗೆಗೆ ಇದು ಉತ್ತರ.

ಇವೆರಡರ ಪರೀಕ್ಷೆ ಅರ್ಧ ನಿಮಿಷದ್ದು. ಒಂದು ರಟ್ಟಿನ ತುಂಡು ಇಸಿದುಕೊಳ್ಳಿ. ಬ್ಲೇಡು ತೆಗೆದು ರಟ್ಟಿಗೆ ಊರಿ, ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿ ಹಿಡಿದೇ ಅಂಚಿನ ಆಚೆ ಎಳೆಯಿರಿ. ‘ಟಕ್’ ಅಂದು ಬ್ಲೇಡು ಪೂರ್ತಿ ಒಳಗೆ ಹೋದರೆ ಎರಡನೆಯ ಬಗೆ. ಹೆಬ್ಬೆರಳು ಬಿಟ್ಟಾಗ ಮಾತ್ರ ಹೋದರೆ ಮೊದಲ ಬಗೆ. ಎರಡಕ್ಕೂ ಒಂದೇ ಬೆಲೆ ಹೇಳಿದರೆ ಯಾವುದನ್ನು ಕೊಳ್ಳಬೇಕೆಂದು ಬೇರೆ ಹೇಳಬೇಕಿಲ್ಲ.

ಮೂರು, ಬ್ಲೇಡು ಪ್ಲಾಸ್ಟಿಕ್ ಬಾಯಿಯ ಒಳಗೇ ಅಡಗಿರುವಂಥದು. ಬೆರಳು ತೂರದ ಸಣ್ಣ ಸಂದಿ ಇರುತ್ತದೆ. ಟೇಪು, ಸುತಳಿ, ಪಾಲಿಥೀನ್, ಪ್ಲಾಸ್ಟಿಕ್ ಪಟ್ಟಿಯನ್ನು ಆ ಸಂದಿಗೆ ಸಿಕ್ಕಿಸಿ ಎಳೆದರೆ ಕೊಯ್ಯುತ್ತದೆ. ಬಟ್ಟೆ ಅಂಗಡಿಗೆ, ಔಷಧಿ ಅಂಗಡಿಗೆ, ಮನೆಗೆ ಇದೇ ನಮ್ಮ ಮೊದಲ ಆಯ್ಕೆ, ಅನುಮಾನವಿಲ್ಲ. ಒಳಗಿನ ಸೀರೆಯ ಪದರಕ್ಕೆ, ಮಾತ್ರೆಯ ಪಟ್ಟಿಗೆ ಬ್ಲೇಡು ಮುಟ್ಟುವುದೇ ಇಲ್ಲ. ಮಿತಿಯೂ ಇದೆ. ಏಳು ಪದರಿನ ದಪ್ಪ ರಟ್ಟು ಆ ಸಂದಿಗೆ ಹಿಡಿಯುವುದಿಲ್ಲ. ಡಬ್ಬಿಯ ನಡುಮಧ್ಯೆ ಕಿಂಡಿ ತೆಗೆಯಲೂ ಆಗುವುದಿಲ್ಲ, ಅಂಚಿನಿಂದಲೇ ಆರಂಭಿಸಬೇಕು. ಮೂತಿಯಲ್ಲಿ ಟೇಪಿಗೆ ಚುಚ್ಚುವ ಸಣ್ಣ ಮೊನೆ ಇರುವುದನ್ನೇ ಆರಿಸಿ. ಮೊನೆ ಇಲ್ಲದಿದ್ದರೆ ಬಿಗಿಯಾಗಿ ಅಂಟಿದ ಟೇಪಿನ ಬುಡಕ್ಕೆ ಸಂದಿ ತೂರಿಸಲಾಗದೆ ಹುಡುಗರು ಎರಡೇ ದಿನಕ್ಕೆ ಹಳೇ ಕಟರಿಗೆ ಮರಳುತ್ತಾರೆ. ಕೆಲವನ್ನು ಬ್ಲೇಡು ಮೊಂಡಾದ ಮೇಲೆ ಇಡಿಯಾಗಿ ಎಸೆಯಬೇಕು. ಬ್ಲೇಡು ಬದಲಿಸಬಹುದೇ ಎಂದು ಕೇಳಿಯೇ ದುಡ್ಡು ಕೊಡಿ.

ಸೆರಾಮಿಕ್ ಬ್ಲೇಡಿನ ಕಟರುಗಳೂ ಬಂದಿವೆ. ಜಿರ್ಕೋನಿಯಂ ಆಕ್ಸೈಡಿನ ಬ್ಲೇಡು ತುಕ್ಕು ಹಿಡಿಯುವುದಿಲ್ಲ, ಬಹಳ ದಿನ ಬಾಳುತ್ತದೆ. ಆದರೆ ಅಡ್ಡಕ್ಕೆ ಮೀಟಿದರೆ ಗಾಜಿನಂತೆ ಸಿಡಿಯುತ್ತದೆ. ಆ ಚೂರು ಲೋಹಶೋಧಕಕ್ಕೂ ಸಿಗುವುದಿಲ್ಲವಾದ್ದರಿಂದ ತಿನಿಸು ಕಟ್ಟುವಲ್ಲಿ ಅದು ಬೇಡ. ಹಾಗೆ ನೋಡಿದರೆ ಫೇಡೆ, ಚಕ್ಕುಲಿ, ಮಸಾಲೆ ಪ್ಯಾಕ್ ಮಾಡುವ ಜಾಗದಲ್ಲಿ ಮುರಿಯುವ ಬ್ಲೇಡಿನ ಕಟರನ್ನೂ ಇಡಬಾರದು. ಒಂದು ತುಂಡು ಮುರಿದು ಡಬ್ಬಿಯೊಳಗೆ ಬಿದ್ದರೆ ಹುಡುಕುವವರು ಯಾರು? ರಫ್ತಿಗೆ ಪಾಲಿಸುವ, ಬ್ರಿಟನ್ ಮೂಲದ ಬಿಆರ್‌ಸಿ ಆಹಾರ ಮಾನದಂಡ ಅಂಥ ಕಟರನ್ನು ಒಪ್ಪುವುದೇ ಇಲ್ಲ.

ರಟ್ಟಿನ ಡಬ್ಬಿ ಬಿಚ್ಚುವ ಕ್ರಮ

ಮೊದಲು ಡಬ್ಬಿಯನ್ನು ನೆಲದಿಂದ ಎತ್ತಿ ಸೊಂಟದ ಎತ್ತರದ ಮೇಜಿನ ಮೇಲೆ ಇಡಿ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಿಚ್ಚಿದರೆ ಎಳೆಯುವ ದಾರಿ ನೇರ ಮೊಣಕಾಲಿಗೆ, ತೊಡೆಗೆ ಬರುತ್ತದೆ. ಮೇಜು ಇಲ್ಲದಿದ್ದರೆ ಇನ್ನೊಂದು ತುಂಬಿದ ಡಬ್ಬಿಯ ಮೇಲಾದರೂ ಇಡಿ.

ರಟ್ಟಿನ ದಪ್ಪ ತಿಳಿದಿರಬೇಕು. ಮೂರು ಪದರಿನದು ಸುಮಾರು 3 ಮಿ.ಮೀ., ಐದು ಪದರಿನದು ಸುಮಾರು 5ರಿಂದ 6. ಟೇಪು ಮಾತ್ರ ಕೊಯ್ಯಲು 2 ಮಿ.ಮೀ. ಬ್ಲೇಡು ಧಾರಾಳ. 18ರ ಬ್ಲೇಡಿನ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಸುಮಾರು 10 ಮಿ.ಮೀ. ಇರುತ್ತದೆ. ಅಂದರೆ ಒಂದೇ ಒಂದು ಗೆರೆ ಹೊರತೆಗೆದರೂ ಮೂರು ಪದರಿನ ರಟ್ಟಿನ ಮೂರು ಪಟ್ಟು ಆಯಿತು. ಮೇಲಿನ ಸೀರೆಗೆ ಗೀರು ಬೀಳುವುದು, ಹಿಟ್ಟಿನ ಪೊಟ್ಟಣ ಸೋರುವುದು ಇದರಿಂದಲೇ. ಬೀಗ ಬಿಗಿ ಮಾಡುವ ಕಟರ್ ಇದ್ದರೆ ಗೆರೆಯ ಅರ್ಧಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಬ್ಲೇಡನ್ನು ಮಲಗಿಸಿ ಹಿಡಿಯಿರಿ. ನೆಟ್ಟಗೆ ಊರಿದರೆ 10 ಮಿ.ಮೀ.ಯೂ ಇಳಿಯುತ್ತದೆ; ರಟ್ಟಿನ ಮೇಲ್ಮೈಗೆ ಸಮೀಪವಾಗಿ, 20-30 ಡಿಗ್ರಿ ಓರೆಯಲ್ಲಿ ಎಳೆದರೆ ತುದಿಯಷ್ಟೇ ಕೆಲಸ ಮಾಡುತ್ತದೆ.

ಕೊಯ್ಯುವ ಅನುಕ್ರಮ ಹೀಗೆ. ಮೊದಲು ಎರಡೂ ಬದಿಯಲ್ಲಿ ಅಂಚಿನ ಮೇಲೆ ಇಳಿಬಿದ್ದ ಟೇಪಿನ ಬಾಲ, ಆಮೇಲೆ ನಡುವಿನ ಸಂದಿಗುಂಟ ಉದ್ದದ ಟೇಪು. ಬದಿಯದನ್ನು ಬಿಟ್ಟು ನಡುವಿನದನ್ನೇ ಮೊದಲು ಕೊಯ್ದರೆ ಮುಚ್ಚಳ ಅರ್ಧ ಬಿಚ್ಚಿ ಅಲ್ಲಾಡತೊಡಗುತ್ತದೆ, ಅಲ್ಲಾಡುವ ರಟ್ಟಿನ ಮೇಲೆ ಬ್ಲೇಡು ಜಾರುತ್ತದೆ. ಬಲಗೈಯವರು ಡಬ್ಬಿಯ ಎದುರಿಗೆ ನೇರ ನಿಲ್ಲದೆ ಸ್ವಲ್ಪ ಎಡಕ್ಕೆ ನಿಂತು, ಬ್ಲೇಡನ್ನು ಬಲ ಸೊಂಟದ ಆಚೆಗೆ ಹೋಗುವ ಹಾಗೆ ಎಳೆಯಬೇಕು. ಎಡಗೈಯವರಿಗೆ ಇದರ ತಿರುವುಮುರುವು. ಹಿಡಿದುಕೊಳ್ಳುವ ಕೈ ಬ್ಲೇಡು ಹೊರಟ ಜಾಗದ ಹಿಂದೆ ಇರಬೇಕು, ಅದು ಸಾಗುವ ದಾರಿಯಲ್ಲಿ ಇರಬಾರದು. ಇಡೀ ಕೆಲಸದಲ್ಲಿ ಒಂದನ್ನೇ ನೆನಪಿಡುವುದಾದರೆ ಈ ಕೈಯ ಜಾಗವನ್ನು ನೆನಪಿಡಿ.

ಒಂದೇ ಎಳೆತದಲ್ಲಿ ಬರದಿದ್ದರೆ ಬಲ ಹೆಚ್ಚಿಸಬೇಡಿ, ಎರಡು ಸಲ ಎಳೆಯಿರಿ. ಬಲ ಬೇಕೆನಿಸಿದರೆ ಬ್ಲೇಡು ಮೊಂಡಾಗಿದೆ ಎಂದೇ ಅರ್ಥ. ಪರೀಕ್ಷಿಸಲು ಬ್ಲೇಡಿನ ಅಂಚನ್ನು ಬಲ್ಬಿನ ಕೆಳಗೆ ಕಣ್ಣಿಗೆ ನೇರ ಹಿಡಿಯಿರಿ. ಹರಿತವಾದ ಅಂಚು ಕಾಣಿಸುವುದಿಲ್ಲ, ಕಪ್ಪು ಗೆರೆಯಷ್ಟೇ. ಮೊಂಡಾದ ಕಡೆ ಬಿಳಿ ಚುಕ್ಕೆಯಂತೆ ಬೆಳಕು ಹೊಳೆಯುತ್ತದೆ, ಅದೂ ಹೆಚ್ಚಾಗಿ ತುದಿಯ ಎರಡು ಮಿ.ಮೀ.ಯಲ್ಲೇ. ಉಳಿದ ಬ್ಲೇಡೆಲ್ಲ ಹೊಸದರಂತೆ ಇರುತ್ತದೆ. ಮುರಿಯುವ ಬ್ಲೇಡು ಲಾಭ ಕೊಡುವುದು ಇಲ್ಲೇ. ಆದರೆ ಮುರಿಯಲು ಜಿಪುಣತನ ಮಾಡಿದರೆ ಆ ಲಾಭ ಇಲ್ಲ.

ಅಂಗಡಿಯಲ್ಲಿ ಬಿಡಿಸಬೇಕಾದ ಒಂದು ರೂಢಿ: ‘ಏ ತಮ್ಮಾ, ಕಟರ್ ಒಗಿಯೋ’ ಎನ್ನುವುದು. ಕಟರನ್ನು ಒಗೆಯಬಾರದು, ಕೈಯಿಂದ ಕೈಗೂ ಕೊಡಬಾರದು. ಬ್ಲೇಡು ಒಳಗೆ ಹಾಕಿ ಮೇಜಿನ ಮೇಲಿಟ್ಟರೆ ಬೇಕಾದವರು ಎತ್ತಿಕೊಳ್ಳುತ್ತಾರೆ. ಕೈಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದೆ ತೆಗೆಯಿರಿ.

ಚೀಲ, ಪಟ್ಟಿ, ಕಾಗದ

ಬ್ಯಾಡಗಿ ಮೆಣಸಿನಕಾಯಿ ಚೀಲಕ್ಕಾಗಲಿ, ರಾಣೆಬೆನ್ನೂರಿನ ಬೀಜದ ಚೀಲಕ್ಕಾಗಲಿ ಹೊಟ್ಟೆಗೆ ಬ್ಲೇಡು ಹಾಕುವುದು ಚೀಲವನ್ನೂ ಮಾಲನ್ನೂ ಕೆಡಿಸುವ ಕೆಲಸ. ಮಷೀನಿನಲ್ಲಿ ಹೊಲಿದ ಬಾಯಿ ಸರಪಳಿ ಹೊಲಿಗೆಯದು. ತುದಿಯಲ್ಲಿ ನೇತಾಡುವ ದಾರದ ಬಾಲವನ್ನು ಕತ್ತರಿಸಿ, ದಾರ ಬಿಡಿಸಿ ಎಳೆದರೆ ಪೂರ್ತಿ ಹೊಲಿಗೆ ಸರ್ರನೆ ಬಿಚ್ಚುತ್ತದೆ. ಈ ಹೊಲಿಗೆ ಮುಗಿದ ತುದಿಯಿಂದ ಮಾತ್ರ ಬಿಚ್ಚುತ್ತದೆ, ಆರಂಭದ ತುದಿಯಿಂದ ಅಲ್ಲ. ಒಂದು ಕಡೆಯಿಂದ ಸಿಕ್ಕಿಬಿದ್ದರೆ ಇನ್ನೊಂದು ಕಡೆ ನೋಡಿ. ಡಬ್ಬಣದಿಂದ ಸುತಳಿ ಹಾಕಿ ಹೊಲಿದ ಚೀಲಕ್ಕೆ ಅಡಗಿದ ಬ್ಲೇಡಿನ ಕಟರ್ ಅಥವಾ ಕೊಕ್ಕೆ ಬ್ಲೇಡು. ಪ್ರತಿ ಹೊಲಿಗೆಯ ಕೆಳಗೆ ತೂರಿಸಿ ಮೇಲಕ್ಕೆ ಎಳೆಯಿರಿ.

ಡಬ್ಬಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕೊಯ್ದೊಡನೆ ಸಿಡಿಯುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿ, ಒಂದು ಕೈಯಿಂದ ಪಟ್ಟಿಯನ್ನು ಡಬ್ಬಿಗೆ ಒತ್ತಿ ಹಿಡಿದು, ಆ ಕೈಯಿಂದ ಗೇಣು ದೂರದಲ್ಲಿ ಕೊಯ್ಯಿರಿ. ತಗಡಿನ ಪಟ್ಟಿಗೆ ಯಾವ ಕಟರೂ ಸಲ್ಲ. ಅದಕ್ಕೆ ತಗಡು ಕತ್ತರಿಯೇ ಬೇಕು, ಜೊತೆಗೆ ಎರಡೂ ತುದಿ ಹಿಡಿಯಲು ಇನ್ನೊಬ್ಬರು. ವೈರಿಗೆ ಕಟ್ಟುವ ಪ್ಲಾಸ್ಟಿಕ್ ಟೈ ಕೊಯ್ಯಲು ನಿಪ್ಪರ್ ಬಳಸಿ. ಬ್ಲೇಡು ತೂರಿಸಿ ಮೇಲಕ್ಕೆ ಮೀಟುವುದು ಗದ್ದಕ್ಕೆ ಚುಚ್ಚಿಕೊಳ್ಳುವ ದಾರಿ.

ಪ್ರೆಸ್ಸಿನಲ್ಲಿ, ಫ್ರೇಮ್ ಅಂಗಡಿಯಲ್ಲಿ, ಶಾಲೆಯ ಮಾಡೆಲ್ ಕೆಲಸದಲ್ಲಿ ಮಾತ್ರ ಹಳೇ ಕಟರೇ ಸರಿ. ಸ್ಕೇಲಿಗೆ ಹಚ್ಚಿ ಒಂದಡಿ ಉದ್ದ ಕೊಯ್ಯುವಾಗ ನಡುವೆ ಬ್ಲೇಡು ಒಳಗೆ ಹೋದರೆ ಗೆರೆ ಕೆಡುತ್ತದೆ. ಗುಂಡಿ ಒತ್ತಿ ಹಿಡಿದೇ ಇರಬೇಕಾದ ಕಟರಿನಿಂದ ಹೆಬ್ಬೆರಳು ಸೋಲುತ್ತದೆ. ಉಕ್ಕಿನ ಸ್ಕೇಲೇ ಬೇಕು, ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡು ಹತ್ತಿ ಬೆರಳಿಗೆ ಬರುತ್ತದೆ. ಸ್ಕೇಲ್ ಹಿಡಿದ ಬೆರಳುಗಳು ಅಂಚಿನಿಂದ ಒಂದು ಇಂಚು ಹಿಂದೆ ಇರಲಿ.

ಗ್ಲೌಸ್ ಹಾಕುವುದಾದರೆ ಕಟರ್ ಹಿಡಿಯದ ಕೈಗೆ ಮೊದಲು ಹಾಕಿ. ಯುರೋಪಿನ ಇಎನ್ 388 ಮಾನದಂಡದ ಗುರುತಿನ ಗ್ಲೌಸಿನ ಮೇಲೆ ಎ ಇಂದ ಎಫ್ ತನಕ ಒಂದು ಅಕ್ಷರ ಇರುತ್ತದೆ, ಕೊಯ್ತಕ್ಕೆ ಎಷ್ಟು ತಡೆ ಎಂದು ಅದು ಹೇಳುತ್ತದೆ (ಎ ಅತಿ ಕಡಿಮೆ, ಎಫ್ ಅತಿ ಹೆಚ್ಚು). ಪಾರ್ಸಲ್ ಕೆಲಸಕ್ಕೆ ಸಿ ದರ್ಜೆ ಒಳ್ಳೆಯದು. ಬ್ಲೇಡು ಚುಚ್ಚಿದರೆ ಮಾತ್ರ ಅದೂ ತಡೆಯುವುದಿಲ್ಲ.

ಬ್ಲೇಡು ಮುರಿಯುವುದು, ಬದಲಿಸುವುದು, ಒರೆಸುವುದು

ಮುರಿಯಲು ಒಂದೇ ಗೆರೆ ಹೊರಗೆ ಬರುವಂತೆ ಸರಿಸಿ ಬೀಗ ಹಾಕಿ. ಗೆರೆ ಕೊರೆದ ಮುಖ ಮೇಲೆ ಇರಲಿ. ಇಕ್ಕಳದಿಂದ ತುದಿಯ ತುಂಡನ್ನು ಪೂರ್ತಿ ಹಿಡಿದು ಕೆಳಕ್ಕೆ ಬಗ್ಗಿಸಿದರೆ ಗೆರೆ ಬಾಯಿಬಿಟ್ಟು ಮುರಿಯುತ್ತದೆ. ತಿರುವಿ ಹಿಡಿದರೆ ಮುರಿಯುವುದು ಕಷ್ಟ, ತುಂಡು ಹಾರುವುದೂ ಹೆಚ್ಚು. ಗೋಡೆಗೆ, ಮೇಜಿನ ಅಂಚಿಗೆ ಒತ್ತಿ ಮುರಿಯುವುದನ್ನು ನಿಲ್ಲಿಸಿ. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೈಯನ್ನು ಒಂದು ರಟ್ಟಿನ ಡಬ್ಬಿಯೊಳಗೆ ಇಟ್ಟು ಮುರಿಯಿರಿ.

ಲೋಹದ ಚಾಕುವಿನ ಬ್ಲೇಡಿನ ಬೆನ್ನಿನಲ್ಲಿ ಎರಡು ಕಚ್ಚು ಇರುತ್ತವೆ. ಹಿಡಿಕೆಯೊಳಗಿನ ಮೊಳೆ ಆ ಕಚ್ಚಿನಲ್ಲಿ ಕೂರಬೇಕು. ಕೂರದೆ ಸ್ಕ್ರೂ ಬಿಗಿದರೆ ಬ್ಲೇಡು ಲೊಡಲೊಡ ಅನ್ನುತ್ತದೆ, ಕೊಯ್ಯುವಾಗ ಹೊರಗೆ ಕಿತ್ತು ಬರಬಹುದು.

ಸೇಫ್ಟಿ ಕಟರಿನ ಶತ್ರು ಟೇಪಿನ ಅಂಟು. ಅಂಟಿಗೆ ರಟ್ಟಿನ ದೂಳು ಕೂಡಿ ಸ್ಪ್ರಿಂಗಿನ ದಾರಿ ಕಟ್ಟುತ್ತದೆ. ಬ್ಲೇಡು ಅರ್ಧಕ್ಕೆ ನಿಲ್ಲುತ್ತದೆ, ಬಳಸುವವನು ಮಾತ್ರ ಒಳಗೆ ಹೋಗಿದೆ ಎಂದೇ ನಂಬಿರುತ್ತಾನೆ. ತೆರೆದ ಬ್ಲೇಡಿಗಿಂತ ಇದು ಕೆಟ್ಟದ್ದು. ವಾರಕ್ಕೊಮ್ಮೆ ಬ್ಲೇಡು ತೆಗೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ದೂಳು ಕೆರೆದು, ಸ್ಯಾನಿಟೈಸರ್ ಹಚ್ಚಿದ ಬಟ್ಟೆಯಿಂದ ಅಂಟು ಒರೆಸಿ. ಸ್ಪ್ರಿಂಗಿಗೆ ಎಣ್ಣೆ ಬಿಡಬೇಡಿ, ಎಣ್ಣೆಗೆ ದೂಳು ಇನ್ನಷ್ಟು ಹತ್ತುತ್ತದೆ. ಹೊಸ ಉಕ್ಕಿನ ಬ್ಲೇಡುಗಳ ಪೊಟ್ಟಣವನ್ನು ಮಾತ್ರ ಎಣ್ಣೆಕಾಗದ ಬಿಚ್ಚದೆ ಮುಚ್ಚಿದ ಡಬ್ಬಿಯಲ್ಲಿಡಿ, ಧಾರವಾಡದ ಮಳೆಗಾಲಕ್ಕೆ ಅವು ಬೇಗ ತುಕ್ಕು ಹಿಡಿಯುತ್ತವೆ.

ಕೈ ಕೊಯ್ದರೆ

ಸ್ವಚ್ಛ ಬಟ್ಟೆಯಿಂದ ಗಾಯದ ಮೇಲೇ ಒತ್ತಿ, ಕೈ ಎದೆಗಿಂತ ಮೇಲೆತ್ತಿ, ಗಡಿಯಾರ ನೋಡಿ 10 ನಿಮಿಷ ಹಿಡಿಯಿರಿ. ನಿಂತಿತೋ ಎಂದು ನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಮೊದಲಿಂದ. ಅರಿಷಿಣ, ಕಾಫಿ ಪುಡಿ, ಸುಣ್ಣ ತುಂಬಬೇಡಿ. ಹೊಲಿಗೆ ಹಾಕುವ ಮುಂಚೆ ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ರಕ್ತ ನಿಂತ ಮೇಲೆ ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಮೆಣಸಿನಕಾಯಿ ಮುಟ್ಟಿದ ಕೈಯಾಗಿದ್ದರೆ ಗಾಯದ ಸುತ್ತಲಿನ ಚರ್ಮಕ್ಕೆ ಸೋಪನ್ನು ಎರಡು ಸಲ ಹಚ್ಚಿ, ಖಾರ ಬರೀ ನೀರಿಗೆ ಹೋಗುವುದಿಲ್ಲ.

ಬೆರಳಿನ ಪ್ರತಿ ಗಿಣ್ಣನ್ನೂ ಮಡಚಿ ಚಾಚಿ ನೋಡಿ, ತುದಿಯನ್ನು ಮುಟ್ಟಿ ನೋಡಿ. ಮಡಚಲಾಗದಿದ್ದರೆ, ಜೋಮು ಹಿಡಿದಂತಿದ್ದರೆ ಅಥವಾ 10 ನಿಮಿಷದ ನಂತರವೂ ರಕ್ತ ನಿಲ್ಲದಿದ್ದರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನರ ಅಥವಾ ಸ್ನಾಯುರಜ್ಜು ತುಂಡಾಗಿರಬಹುದು. ಕೊನೆಯ ಟಿಟನಸ್ ಇಂಜೆಕ್ಷನ್ ಯಾವಾಗ ಆಗಿತ್ತೆಂದು ಅಲ್ಲಿ ಹೇಳಿ.

ಮುರಿದ ತುಂಡುಗಳ ವಿಚಾರ ಉಳಿಯಿತು. ಅವನ್ನು ಕಸದ ಬುಟ್ಟಿಗೆ ಹಾಗೇ ಹಾಕಿದರೆ ಬೆಳಿಗ್ಗೆ ಗಾಡಿಯ ಹತ್ತಿರ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೇ ಅವು ಚುಚ್ಚುವುದು. ಗಟ್ಟಿ ಮುಚ್ಚಳದ ಒಂದು ಖಾಲಿ ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ಬ್ಲೇಡು ತೂರುವಷ್ಟೇ ಸೀಳು ಮಾಡಿ, ಕಟರ್ ಇಡುವ ಜಾಗದಲ್ಲೇ ಇಡಿ. ಮುಕ್ಕಾಲು ತುಂಬಿದ ಮೇಲೆ ಸೀಳಿನ ಮೇಲೆ ಮೂರು ಸುತ್ತು ಟೇಪು ಹಾಕಿ, ‘ಒಳಗೆ ಬ್ಲೇಡು ಇವೆ’ ಎಂದು ದಪ್ಪಕ್ಷರದಲ್ಲಿ ಬರೆದು, ಕಸದೊಳಗೆ ಸೇರಿಸದೆ ಗಾಡಿಯವರ ಕೈಗೆ ಹೇಳಿ ಕೊಡಿ.